ಬಸ್ಸಿನದಲ್ಲ, ಆರ್ಕೆಸ್ಟ್ರಾದ ಕಂಡಕ್ಟರ್: ಕಲಿಯುವವರು ಎಲ್ಲಿ ಕೂತು ನೋಡಬೇಕು?

ಪಶ್ಚಿಮದ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ಎರಡು ಪದಗಳೇ ಕಾಲಿಗೆ ತೊಡರುತ್ತವೆ. ಆರ್ಕೆಸ್ಟ್ರಾ ಅಂದರೆ ನಮಗೆ ಗಣೇಶನ ಹಬ್ಬದ ಪೆಂಡಾಲು, ಎರಡು ಕೀಬೋರ್ಡು, ರಿದಂ ಪ್ಯಾಡು, ಹಳೇ ಸಿನಿಮಾ ಹಾಡು. ಕಂಡಕ್ಟರ್ ಅಂದರೆ ಬಗಲಲ್ಲಿ ಚೀಲ, ಬಾಯಲ್ಲಿ ವಿಷಲ್, "ರೈಟ್ ರೈಟ್".

ಈ ಎರಡನೇ ಹೋಲಿಕೆ ಅಷ್ಟೇನೂ ಕೆಟ್ಟದ್ದಲ್ಲ. ಬಸ್ಸು ಓಡಿಸುವುದು ಡ್ರೈವರ್. ಆದರೂ ವಿಷಲ್ ಬೀಳದೆ ಬಸ್ಸು ಹೊರಡುವುದಿಲ್ಲ. ವಿಷಲ್ ಮೊದಲು, ಬಸ್ಸು ಆಮೇಲೆ. ಎಂಬತ್ತು ತೊಂಬತ್ತು ವಾದಕರ ಎದುರು ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಕೆಲಸವೂ ಹೀಗೇ. ಅವರ ಕೈಯಿಂದ ಒಂದು ಸ್ವರವೂ ಹುಟ್ಟುವುದಿಲ್ಲ. ಸ್ವರ ಹುಟ್ಟುವುದಕ್ಕೆ ಸ್ವಲ್ಪ ಮೊದಲು ಏನಾಗುತ್ತದೋ ಅದಷ್ಟೇ ಅವರದು.

ಹಾಗಾಗಿ ಕಂಡಕ್ಟರ್ ಆಗಬೇಕೆಂದು ಆಸೆ ಇಟ್ಟುಕೊಂಡವರು ಕಾನ್ಸರ್ಟಿಗೆ ಹೋದರೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಒಳ್ಳೆಯ ಟಿಕೆಟ್ ಕೊಂಡು, ಹಾಲ್‌ನ ನಡುಮಧ್ಯದಲ್ಲಿ ಕೂತರೆ ಕಾಣುವುದು ಬೆನ್ನು. ಕಪ್ಪು ಕೋಟಿನ ಬೆನ್ನು. ಕಲಿಯಬೇಕಾದದ್ದೆಲ್ಲ ಆ ಬೆನ್ನಿನ ಆಚೆ ಕಡೆ ನಡೆಯುತ್ತಿರುತ್ತದೆ. ಕಣ್ಣು, ಹುಬ್ಬು, ಉಸಿರು, ಎದೆಯ ಹತ್ತಿರದ ಎಡಗೈ, ಎಲ್ಲ ಅಲ್ಲೇ.

ಮೊದಲು ಆ ಕೆಲಸ ಏನು ಅಂತ ಸ್ವಲ್ಪ ನೋಡೋಣ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಬೀಥೋವನ್ ಅವರ ಐದನೇ ಸಿಂಫನಿಯ ಶುರು ನೀವು ಕೇಳಿಯೇ ಇರುತ್ತೀರಿ. ಡಡಡ ಡಾಂ… ಡಡಡ ಡಾಂ… 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ್ದು. ಕೇಳಲು ಇದಕ್ಕಿಂತ ಸುಲಭದ ಆರಂಭ ಇಲ್ಲ. ಶುರು ಮಾಡಿಸಲು ಇದಕ್ಕಿಂತ ಕಷ್ಟದ್ದೂ ಕಡಿಮೆ. ಯಾಕೆಂದರೆ ಇದು ಶುರುವಾಗುವುದು ಮೌನದಿಂದ. ಮೊದಲ ಆವರ್ತದಲ್ಲಿ ನಾಲ್ಕು ಸಣ್ಣ ಮಾತ್ರೆಗಳಿವೆ. ಮೊದಲನೆಯದು ಖಾಲಿ. ಉಳಿದ ಮೂರರಲ್ಲಿ ಆ ಡಡಡ. ವೇಗ ಎಷ್ಟು ಜೋರು ಅಂದರೆ ಇಡೀ ಆವರ್ತಕ್ಕೆ ಕೈಯ ಒಂದೇ ಪೆಟ್ಟು. ಆ ಪೆಟ್ಟು ಬೀಳುವುದು ಖಾಲಿ ಮಾತ್ರೆಯ ಮೇಲೆ. ಕೋಲು ಕೆಳಗೆ ಬಂದಾಗ ಯಾರೂ ನುಡಿಸಕೂಡದು. ಬಂದ ಮರುಕ್ಷಣ ಎಲ್ಲ ತಂತಿವಾದ್ಯಗಳೂ ಕ್ಲಾರಿನೆಟ್‌ಗಳೂ ಒಟ್ಟಿಗೆ ಏಳಬೇಕು.

ವೇಗ ಎಷ್ಟು ಅಂತ ವಾದಕರಿಗೆ ಗೊತ್ತಾಗುವುದು ಹೇಗೆ? ಕೋಲು ಮೇಲಕ್ಕೆ ಹೋಗುವ ರೀತಿಯಿಂದ. ಇದನ್ನು ಅಪ್‌ಬೀಟ್ ಅನ್ನುತ್ತಾರೆ. ಎಷ್ಟು ಬೇಗ, ಎಷ್ಟು ಗಟ್ಟಿ, ಎಂಥ ಭಾವ, ಎಲ್ಲವೂ ಆ ಒಂದು ಎತ್ತುವಿಕೆಯಲ್ಲಿ ಇರಬೇಕು. ಜೊತೆಗೆ ಉಸಿರು. ತಂತಿ ನುಡಿಸುವವರಿಗೆ ಉಸಿರಿನ ಗೊಡವೆ ಇಲ್ಲ ಅಂದುಕೊಳ್ಳಬಹುದು. ಆದರೆ ಒಳ್ಳೆಯ ಕಂಡಕ್ಟರ್ ಮೂಗಿನಿಂದ ಉಸಿರು ಎಳೆದುಕೊಂಡಾಗ ಮೊದಲ ಸಾಲಿನ ವಯಲಿನ್‌ಗಳ ಭುಜಗಳು ಮೇಲೇಳುತ್ತವೆ. ಹತ್ತಿರ ಕೂತರೆ ಆ ಸದ್ದು ಕೇಳಿಸುತ್ತದೆ. ನಾನು ಮೊದಲ ಸಲ ಕೇಳಿಸಿಕೊಂಡಾಗ ಅವರಿಗೆ ಶೀತ ಆಗಿದೆ ಅಂದುಕೊಂಡಿದ್ದೆ.

ತಾಳ ಹಾಕಿ, ಅರ್ಧ ಎಣಿಕೆ ಬಿಟ್ಟು ಎತ್ತುವ ಕೃತಿಗಳು ನಮ್ಮ ಕರ್ನಾಟಕ ಸಂಗೀತದಲ್ಲೂ ಬೇಕಾದಷ್ಟಿವೆ. ಆದರೆ ಅಲ್ಲಿ ಹಾಡುವವರ ತೊಡೆಯ ಮೇಲೇ ತಾಳ ಇರುತ್ತದೆ. ಇಲ್ಲಿ ತಾಳ ಒಬ್ಬರದು, ಸ್ವರ ಎಂಬತ್ತು ಜನರದು. ಮಧ್ಯೆ ಗಾಳಿ. ಯಕ್ಷಗಾನದ ಭಾಗವತರನ್ನು ನೆನೆಸಿಕೊಂಡರೆ ಇನ್ನೂ ಹತ್ತಿರವಾಗುತ್ತದೆ. ಇಡೀ ರಂಗಸ್ಥಳ ಅವರ ಕೈಯಲ್ಲಿ. ಆದರೆ ಅವರೂ ಹಾಡುತ್ತಾರೆ. ಪೂರ್ತಿ ಬಾಯಿ ಮುಚ್ಚಿಕೊಂಡು ಮೇಳ ನಡೆಸಿ ಅಂದರೆ ಭಾಗವತರಿಗೂ ತಬ್ಬಿಬ್ಬಾದೀತು.

ಕಲಿಯುವವರಿಗೆ ಇದರಿಂದ ಸಿಗುವ ಮೊದಲ ಪಾಠ ಇಷ್ಟು: ನಾದದ ಜೊತೆ ಕೈಯನ್ನು ನೋಡಬೇಡಿ. ನಾದಕ್ಕಿಂತ ಮುಂಚೆ ನೋಡಿ. ಇದು ಹೇಳುವಷ್ಟು ಸುಲಭ ಅಲ್ಲ. ಸಂಗೀತ ನಮ್ಮ ಕಿವಿಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಈಗ ಕೇಳಿದ್ದನ್ನು ಸವಿಯುತ್ತಾ ಕೂತರೆ ಕೋಲು ಆಗಲೇ ಮುಂದಿನ ತಿರುವಿನಲ್ಲಿ ಇರುತ್ತದೆ. ಬರ್ಲಿನ್ ಫಿಲ್‌ಹಾರ್ಮೋನಿಕ್‌ನಂಥ ಆರ್ಕೆಸ್ಟ್ರಾಗಳಲ್ಲಿ ಈ ಅಂತರ ಬರಿಗಣ್ಣಿಗೇ ಕಾಣುತ್ತದೆ. ಕೋಲು ಕೆಳಗೆ ಮುಟ್ಟಿ ಆಯಿತು, ನಾದ ಇನ್ನೂ ಬರಲಿಲ್ಲ, ಏನೋ ತಪ್ಪಾಯಿತು ಅಂತ ಹೊಸಬರ ಎದೆ ಧಸಕ್ಕನ್ನುತ್ತದೆ. ತಪ್ಪೇನೂ ಇಲ್ಲ. ಅವರು ನುಡಿಸುವುದೇ ಹಾಗೆ. ಪೆಟ್ಟಿನ ಮೇಲಲ್ಲ, ಪೆಟ್ಟಿನ ನಂತರ. ಇದನ್ನು ತಿಳಿಯದ ಹುಡುಗ ಅಂಥ ಆರ್ಕೆಸ್ಟ್ರಾ ಎದುರು ನಿಂತು, ನಾದಕ್ಕಾಗಿ ಕಾದುಕೊಂಡು ಕೈ ಬೀಸಿದರೆ ಏನಾಗುತ್ತದೆ? ಅವನು ಅವರಿಗಾಗಿ ಕಾಯುತ್ತಾನೆ, ಅವರು ಅವನಿಗಾಗಿ ಕಾಯುತ್ತಾರೆ. ಸಂಗೀತ ಎತ್ತಿನ ಗಾಡಿಯಾಗುತ್ತದೆ.

ದೂರದ ಲೆಕ್ಕವೂ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕಂಡಕ್ಟರ್‌ರಿಂದ ಹಿಂದಿನ ಸಾಲಿನ ಡೋಲುಗಳಿಗೆ 12 ಮೀಟರ್ ಅಂತಿಟ್ಟುಕೊಳ್ಳಿ. ಆ ಸದ್ದು ಮುಂದೆ ಬರಲು ಸೆಕೆಂಡಿನ ಸಾವಿರದಲ್ಲಿ 35 ಭಾಗ ಬೇಕು. ಜುಜುಬಿ ಅನ್ನಿಸುತ್ತದೆ, ಅಲ್ವಾ? ಆದರೆ ಎಲ್ಲರೂ ಒಟ್ಟಿಗೆ ಹೊಡೆಯಬೇಕಾದ ಚುರುಕು ಜಾಗದಲ್ಲಿ ಅದು ಗೊತ್ತಾಗಿಬಿಡುತ್ತದೆ. ಹಿಂದಿನ ಸಾಲಿನವರು ಮುಂದಿನವರ ಸದ್ದು ಕೇಳಿ ನುಡಿಸಿದರೆ ತಡವೇ. ಅದಕ್ಕೇ ಅವರು ಕಿವಿಗಿಂತ ಜಾಸ್ತಿ ಕಣ್ಣನ್ನು ನಂಬುತ್ತಾರೆ, ಒಂದು ಕೂದಲೆಳೆ ಮುಂಚೆಯೇ ಹೊಡೆಯುತ್ತಾರೆ. ಮುಂದಿನ ಸಲ ಕಾನ್ಸರ್ಟಿಗೆ ಹೋದಾಗ ಟಿಂಪನಿ ಅನ್ನುವ ಆ ದೊಡ್ಡ ಡೋಲು ಹೊಡೆಯುವವರ ಕಣ್ಣು ಎಲ್ಲಿರುತ್ತದೆ ನೋಡಿ.

ಈಗ ಜಾಗದ ವಿಷಯಕ್ಕೆ ಬರೋಣ. 1950ರ ದಶಕದ ವಿಯೆನ್ನಾ. ಮುಂಬೈಯ ಪಾರ್ಸಿ ಹುಡುಗ ಜುಬಿನ್ ಮೆಹ್ತಾ 1954ರಲ್ಲಿ, 18ರ ವಯಸ್ಸಿನಲ್ಲಿ, ಕಂಡಕ್ಟಿಂಗ್ ಕಲಿಯಲು ಅಲ್ಲಿಗೆ ಹೋದರು. ಗುರು ಹಾನ್ಸ್ ಸ್ವರೋವ್ಸ್ಕಿ. ಸಹಪಾಠಿ ಮಿಲಾನಿನ ಕ್ಲಾಡಿಯೊ ಅಬಾಡೊ. ಊರಿನ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಬ್ರೂನೊ ವಾಲ್ಟರ್, ಹರ್ಬರ್ಟ್ ಫಾನ್ ಕರಾಯನ್ ಅವರಂಥ ದಿಗ್ಗಜರು ತಾಲೀಮು ನಡೆಸುತ್ತಿದ್ದರು. ವಿದ್ಯಾರ್ಥಿಗಳಿಗೆ ಒಳಗೆ ಪ್ರವೇಶ ಇಲ್ಲ. ಇವರಿಬ್ಬರೂ ಒಂದು ಉಪಾಯ ಮಾಡಿದರು. ಆ ಸಭಾಂಗಣ ನಡೆಸುವ ಸಂಸ್ಥೆಯದೇ ಕೋರಸ್ ತಂಡಕ್ಕೆ ಸೇರಿಕೊಂಡರು. ಬೇಸ್ ದನಿಯ ಸಾಲಿನಲ್ಲಿ ನಿಂತು ಹಾಡಿದರು. ಕೋರಸ್ ಬೇಕಾಗುವ ಕೃತಿ ಬಂದಾಗೆಲ್ಲ ತಾಲೀಮಿನ ಬಾಗಿಲು ತಾನಾಗಿ ತೆರೆಯಿತು.

ಕೋರಸ್ ನಿಲ್ಲುವುದು ಎಲ್ಲಿ? ಆರ್ಕೆಸ್ಟ್ರಾದ ಹಿಂದೆ, ಕಂಡಕ್ಟರ್‌ಗೆ ಮುಖಾಮುಖಿಯಾಗಿ. ಎರಡು ಸಾವಿರ ಜನ ದುಡ್ಡು ಕೊಟ್ಟು ಬೆನ್ನು ನೋಡುತ್ತಿದ್ದಾಗ ಈ ಇಬ್ಬರು ಹುಡುಗರು ಸುಮ್ನೆ ಮುಖ ನೋಡುತ್ತಾ ನಿಂತಿದ್ದರು. ಹಾಡುವುದು ನೆಪ ಅನ್ನಲಾರೆ. ಹಾಡದಿದ್ದರೆ ಆ ಸನ್ನೆ ಮೈಗೆ ತಾಗುತ್ತಲೂ ಇರಲಿಲ್ಲ. ಮುಂದೆ ಕರಾಯನ್ ನಂತರ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದಕರು 1989ರಲ್ಲಿ ತಮ್ಮ ಮುಖ್ಯ ಕಂಡಕ್ಟರ್ ಆಗಿ ಆರಿಸಿದ್ದು ಇದೇ ಅಬಾಡೊರನ್ನು. ಮೆಹ್ತಾ ಅದೇ ಮ್ಯೂಸಿಕ್‌ಫೆರೈನ್‌ನಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಹೊಸವರ್ಷದ ಕಾನ್ಸರ್ಟನ್ನು ಐದು ಸಲ ನಡೆಸಿದರು.

ಇವತ್ತು ಆ ಜಾಗವನ್ನು ಟಿಕೆಟ್ ಕೊಟ್ಟೇ ಪಡೆಯಬಹುದು. ಹಾನ್ಸ್ ಶರೂನ್ ಕಟ್ಟಿದ ಬರ್ಲಿನ್ನಿನ ಫಿಲ್‌ಹಾರ್ಮೊನಿ ಸಭಾಂಗಣ 1963ರಲ್ಲಿ ತೆರೆಯಿತು. ಅಲ್ಲಿ ವೇದಿಕೆ ಒಂದು ತುದಿಯಲ್ಲಿಲ್ಲ. ಕೇಳುಗರು ಸುತ್ತಲೂ ಕೂರುತ್ತಾರೆ. ಆರ್ಕೆಸ್ಟ್ರಾದ ಬೆನ್ನ ಹಿಂದೆಯೇ ಬೆಂಚಿನ ಸಾಲುಗಳಿವೆ. ಕೋರಸ್ ಇದ್ದ ದಿನ ಅವು ಕೋರಸ್‌ಗೆ. ಇಲ್ಲದ ದಿನ ಕೇಳುಗರಿಗೆ, ಅದೂ ಕಡಿಮೆ ದರಕ್ಕೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲೂ ಆರ್ಕೆಸ್ಟ್ರಾ ಹಿಂದಿನ ಕೋರಸ್ ಆಸನಗಳನ್ನು ಮಾರುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ನಡೆಯುವ ಪ್ರಾಮ್ಸ್ ಉತ್ಸವದಲ್ಲಿ ಕೆಲವೇ ಪೌಂಡ್ ಕೊಟ್ಟು ವೇದಿಕೆಯ ಎದುರಿಗೇ ನಿಂತೂ ನೋಡಬಹುದು. ಮ್ಯೂಸಿಕ್‌ಫೆರೈನ್‌ನಲ್ಲಿ ಸುಮಾರು 300 ಜನ ಹಿಂದೆ ನಿಂತು ಕೇಳಲು ಜಾಗ ಇದೆ. ಆದರೆ ಅಲ್ಲಿಂದ ಕಾಣುವುದು ಮತ್ತೆ ಬೆನ್ನೇ, ಅದೂ ಮುಂದಿನವರ ತಲೆಗಳ ನಡುವೆ.

ಹಿಂದಿನ ಬೆಂಚಿಗೆ ಒಂದು ದಂಡ ಇದೆ, ಅದನ್ನೂ ಹೇಳಬೇಕು. ಅಲ್ಲಿ ಕೇಳುವ ಸಂಗೀತ ಓರೆಕೋರೆ. ಫ್ರೆಂಚ್ ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಅದು ನೇರ ನಿಮ್ಮ ಮುಖಕ್ಕೇ. ಡೋಲುಗಳು ಮಡಿಲಲ್ಲೇ ಇದ್ದಂತೆ. ವಯಲಿನ್‌ಗಳು ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸಿದ ಹಾಗೆ. ಹಾಡುವವರು ಇದ್ದರಂತೂ ಅವರ ದನಿ ಪೂರ್ತಿ ಆಚೆ ಕಡೆಗೆ ಹೋಗಿಬಿಡುತ್ತದೆ. ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ.

ಇದರಲ್ಲೂ ಒಂದು ಪಾಠ ಇದೆ ಅನ್ನುವುದು ನನ್ನ ಅನಿಸಿಕೆ. ಕಂಡಕ್ಟರ್ ನಿಂತ ಜಾಗದಲ್ಲೂ ಸಂಗೀತ ಸರಿಯಾಗಿ ಕೇಳುವುದಿಲ್ಲ! ಅವರ ಎಡಬಲದಲ್ಲಿ ವಯಲಿನ್, ಚೆಲ್ಲೊ ಕಿವಿಗೆ ಅಪ್ಪಳಿಸುತ್ತಿರುತ್ತವೆ. ಹಾಲ್‌ನ ಹದಿನೈದನೇ ಸಾಲಿನಲ್ಲಿ ಓಬೋ ಅನ್ನುವ ಗಾಳಿವಾದ್ಯ ಕೇಳುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯದು. ಅದಕ್ಕೇ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಸಹಾಯಕ ಕಂಡಕ್ಟರ್ ಅಂತ ಒಬ್ಬರು ಇರುತ್ತಾರೆ. ತಾಲೀಮಿನಲ್ಲಿ ಖಾಲಿ ಆಸನಗಳ ನಡುವೆ ಓಡಾಡಿ, "ಟ್ರಂಬೋನ್ ಜಾಸ್ತಿ ಆಯ್ತು, ವಯೋಲಾ ಮುಳುಗಿ ಹೋಯ್ತು" ಅಂತ ವರದಿ ಕೊಡುವುದು ಅವರ ಕೆಲಸಗಳಲ್ಲಿ ಒಂದು. ಕಲಿಯುವವರು ಮಾಡಬೇಕಾದದ್ದೂ ಅದನ್ನೇ. ಒಂದೇ ಕಾರ್ಯಕ್ರಮ ಎರಡು ದಿನ ಇದ್ದರೆ ಒಂದು ದಿನ ಹಿಂದೆ ಕೂತು ಕೈ ನೋಡಿ. ಇನ್ನೊಂದು ದಿನ ಮಾಮೂಲಿ ಆಸನದಲ್ಲಿ ಕೂತು, ಆ ಕೈ ಏನು ತಂದಿತು ಅಂತ ಕೇಳಿ. ಎರಡೂ ಒಂದೇ ದಿನ ಆಗುವುದಿಲ್ಲ.

ಲೆನರ್ಡ್ ಬರ್ನ್‌ಸ್ಟೈನ್ ಹೀಗೆ ಸಹಾಯಕರಾಗಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಕೂತಿದ್ದವರು. 1943ರ ನವೆಂಬರ್ 14. ಅತಿಥಿಯಾಗಿ ಬಂದಿದ್ದ ಬ್ರೂನೊ ವಾಲ್ಟರ್ ಜ್ವರದಿಂದ ಮಲಗಿದರು. ಅವತ್ತೇ ಮಧ್ಯಾಹ್ನ ಕಾನ್ಸರ್ಟು, ರೇಡಿಯೊ ಪ್ರಸಾರ ಬೇರೆ. 25 ವರ್ಷದ ಬರ್ನ್‌ಸ್ಟೈನ್ ತಾಲೀಮಿಲ್ಲದೆ ಕಾರ್ನೆಗಿ ಹಾಲ್‌ನಲ್ಲಿ ನಿಂತರು. ಮೊದಲ ಕೃತಿ ಶೂಮನ್ ಅವರ ಮ್ಯಾನ್‌ಫ್ರೆಡ್ ಓವರ್ಚರ್, ಅಂದರೆ ನಾಟಕದ ಮೊದಲಿಗೆ ನುಡಿಸುವಂಥ ವಾದ್ಯಕೃತಿ. ಅದರ ಶುರುವೂ ಖಾಲಿ ಜಾಗದಿಂದಲೇ! ಮೊದಲಿಗೆ ಸಣ್ಣ ಮೌನ, ನಂತರ ಪೆಟ್ಟುಗಳ ಸಂದಿಯಲ್ಲಿ ಮೂರು ಸ್ವರಗುಚ್ಛ. ಕಣ್ಣು ಮುಚ್ಚಿ ಕೇಳುವವರಿಗೆ ಅದು ಸಂದಿಯಲ್ಲಿ ಬಂದಿತು ಅಂತ ಗೊತ್ತೇ ಆಗುವುದಿಲ್ಲ. ಹೋಲಿಸಿ ನೋಡಲು ಪೆಟ್ಟೇ ಕೇಳಿಸುವುದಿಲ್ಲವಲ್ಲ! ಅದು ಇರುವುದು ಕಂಡಕ್ಟರ್ ಕೈಯಲ್ಲಿ ಮಾತ್ರ. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಅವರ ಸುದ್ದಿ ಬಂತು. ಪವಾಡ ಅಂತ ಹೇಳುವವರು ಜಾಸ್ತಿ. ವಾಲ್ಟರ್ ಆ ಕೃತಿಗಳನ್ನು ಹೇಗೆ ತಯಾರು ಮಾಡಿದ್ದರು ಅಂತ ಕೂತು ಕೇಳಿದ್ದ ಕಿವಿಯದು ಆ ಪವಾಡ.

ಹೋಗುವುದಕ್ಕೆ ಮುಂಚೆ ಸ್ಕೋರ್ ಓದಿಕೊಂಡಿರಬೇಕು. ಸ್ಕೋರ್ ಅಂದರೆ ಎಲ್ಲ ವಾದ್ಯಗಳ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿದ ಪುಸ್ತಕ. ಮೇಲೆ ಕೊಳಲು, ಓಬೋ ಮೊದಲಾದ ಗಾಳಿವಾದ್ಯ, ನಡುವೆ ಹಿತ್ತಾಳೆಯವು, ಆಮೇಲೆ ಡೋಲು, ಅಡಿಯಲ್ಲಿ ತಂತಿ. ಹಳೆಯ ಕೃತಿಗಳ ಸ್ಕೋರ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಹಾಲ್‌ಗೆ ಮಾತ್ರ ತರಬೇಡಿ. ನಾನು ಒಮ್ಮೆ ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿದ್ದೆ. ಪುಟ ತಿರುವುವ ಸದ್ದಿಗೆ ಪಕ್ಕದ ಅಜ್ಜಿ ಮೂರು ಸಲ ಕಣ್ಣುಬಿಟ್ಟರು. ಅದಕ್ಕಿಂತ ದೊಡ್ಡ ನಷ್ಟ ಅಂದರೆ, ಮನೆಗೆ ಬಂದ ಮೇಲೆ ಯೋಚಿಸಿದರೆ ಕಂಡಕ್ಟರ್ ಎಡಗೈಯಲ್ಲಿ ಏನು ಮಾಡಿದರು ಅಂತ ಒಂದೂ ನೆನಪಿಲ್ಲ. ಎರಡು ಗಂಟೆ ಪುಸ್ತಕ ಓದಿ ಬಂದಿದ್ದೆ, ಅಷ್ಟೇ.

ಮನೆಯಲ್ಲಿ ಓದಿದರೆ ಏನು ಲಾಭ ಅನ್ನುವುದಕ್ಕೆ ಚೈಕೋವ್‌ಸ್ಕಿ ಅವರ ಆರನೇ ಸಿಂಫನಿ ಸಾಕು. 1893ರ ಅಕ್ಟೋಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರೇ ನಿಂತು ನಡೆಸಿದರು. ಒಂಬತ್ತು ದಿನಕ್ಕೆ ತೀರಿಕೊಂಡರು. ಅದರ ಕೊನೆಯ ಭಾಗ ಒಂದು ಇಳಿಯುವ, ಅಳುವ ಎಳೆಯಿಂದ ಶುರುವಾಗುತ್ತದೆ. ವಯಲಿನ್‌ಗಳು ನುಡಿಸುತ್ತಿವೆ ಅಂತ ಕಿವಿ ಹೇಳುತ್ತದೆ. ಸ್ಕೋರ್ ತೆರೆದರೆ ಆ ಎಳೆ ಯಾರ ಸಾಲಿನಲ್ಲೂ ಇಲ್ಲ! ಒಂದು ಸ್ವರ ಮೊದಲನೇ ವಯಲಿನ್‌ಗಳಿಗೆ, ಮುಂದಿನದು ಎರಡನೇ ವಯಲಿನ್‌ಗಳಿಗೆ, ಹೀಗೆ ಹಂಚಿಟ್ಟಿದ್ದಾರೆ. ಒಂದೊಂದೇ ಸಾಲು ಓದಿದರೆ ಕುಂಟುವ ಅರ್ಥವಿಲ್ಲದ ಸ್ವರಗಳು. ಎರಡೂ ಕೂಡಿದಾಗ ನಮ್ಮ ತಲೆಯೊಳಗೆ ಒಂದು ಹಾಡು ಹುಟ್ಟುತ್ತದೆ.

ಈಗ ಇದನ್ನು ತಿಳಿದುಕೊಂಡು ಕಾನ್ಸರ್ಟಿಗೆ ಹೋಗಿ. ಎರಡು ವಯಲಿನ್ ಗುಂಪುಗಳನ್ನು ಕಂಡಕ್ಟರ್ ಎಡಕ್ಕೇ ಒಟ್ಟಿಗೆ ಕೂರಿಸಿದ್ದಾರೋ, ಎಡಬಲಕ್ಕೆ ಎದುರುಬದುರು ಕೂರಿಸಿದ್ದಾರೋ ನೋಡಿ. ಎದುರುಬದುರು ಇದ್ದರೆ ಆ ಅಳು ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಓಲಾಡುತ್ತದೆ. ಒಟ್ಟಿಗೆ ಇದ್ದರೆ ಒಂದೇ ಹರಿವು. ಸ್ಕೋರ್‌ನಲ್ಲಿ ಒಂದು ಚುಕ್ಕಿಯೂ ಬದಲಾಗಿಲ್ಲ. ಕುರ್ಚಿ ಬದಲಾಗಿದೆ. ಇದು ಕಂಡಕ್ಟರ್ ತೀರ್ಮಾನ, ತಾಲೀಮಿಗೂ ಮುಂಚಿನದು.

ಇದೇ ಸಿಂಫನಿಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಮೂರನೇ ಭಾಗ ಜೈಕಾರದಂತೆ ಮುಗಿಯುತ್ತದೆ. ಎಲ್ಲ ಮುಗಿಯಿತು ಅಂದುಕೊಂಡು ಜನ ಚಪ್ಪಾಳೆ ಹೊಡೆಯುತ್ತಾರೆ. ಕೆಲವು ಕಂಡಕ್ಟರ್‌ಗಳು ಕೈ ಇಳಿಸದೆ ನೇರ ಆ ಅಳುವ ಭಾಗಕ್ಕೆ ಧುಮುಕುತ್ತಾರೆ. ಕೆಲವರು ಚಪ್ಪಾಳೆ ಇಳಿಯಲಿ ಅಂತ ತಲೆ ತಗ್ಗಿಸಿ ನಿಲ್ಲುತ್ತಾರೆ. ನನಗೆ ಧುಮುಕುವವರೇ ಇಷ್ಟ. ಏನೇ ಇರಲಿ, ಎತ್ತಿದ ಕೈ ವಾದಕರಿಗೆ ಮಾತ್ರ ಅಲ್ಲ, ಬೆನ್ನ ಹಿಂದಿನ ಎರಡು ಸಾವಿರ ಜನಕ್ಕೂ ಸನ್ನೆ ಅನ್ನುವುದು ಅಲ್ಲಿ ಕಾಣುತ್ತದೆ. ಬೆನ್ನಿಗೂ ಕೆಲಸ ಇದೆ ಅಂತಾಯಿತು.

ಎಲ್ಲವನ್ನೂ ಒಂದೇ ಸಂಜೆ ನೋಡಲು ಹೋಗಬೇಡಿ. ಸ್ಕೋರ್‌ನಲ್ಲಿ ಎರಡು ಮೂರು ಕಷ್ಟದ ಜಾಗ ಗುರುತಿಟ್ಟುಕೊಂಡು ಹೋಗಿ. ವೇಗ ಬದಲಾಗುವ ಕಡೆ, ತುಂಬ ಹೊತ್ತು ಸುಮ್ಮನಿದ್ದ ವಾದ್ಯ ಎದ್ದು ಬರುವ ಕಡೆ, ಎಲ್ಲರೂ ಒಂದು ಸ್ವರವನ್ನು ಹಿಡಿದು ನಿಲ್ಲಿಸಿ ಬಿಡುವ ಕಡೆ. ನೀವಾಗಿದ್ದರೆ ಅಲ್ಲಿ ಏನು ಮಾಡುತ್ತಿದ್ದಿರಿ ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ಆ ಜಾಗ ಬಂದಾಗ ವೇದಿಕೆಯ ಮೇಲಿನವರು ಬೇರೆ ಏನೋ ಮಾಡುತ್ತಾರೆ. ಎಷ್ಟೋ ಸಲ ಏನೂ ಮಾಡುವುದಿಲ್ಲ! ಎಲ್ಲರೂ ಸರಿಯಾಗಿ ನಡೆಯುತ್ತಿದ್ದರೆ ಕಾರ್ಲೋಸ್ ಕ್ಲೈಬರ್ ಅನ್ನುವ ಕಂಡಕ್ಟರ್ ತಾಳ ಹಾಕುವುದನ್ನೇ ಬಿಟ್ಟು ಕೈಯಲ್ಲಿ ಹಾಡಿನ ಆಕಾರ ಬರೆಯುತ್ತಿದ್ದರು. ಬರ್ನ್‌ಸ್ಟೈನ್ ಒಮ್ಮೆ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರ ಎದುರು ಹೈಡನ್ ಸಿಂಫನಿಯೊಂದರ ಕೊನೆಯ ಭಾಗವನ್ನು ಕೈ ಕಟ್ಟಿದಂತೆ ಇಟ್ಟುಕೊಂಡು ಹುಬ್ಬು, ಕಣ್ಣು, ತುಟಿಯಲ್ಲೇ ನಡೆಸಿದರು. ವೀಡಿಯೊ ಇದೆ, ನೋಡಿ ನಗಿ. ಆದರೆ ಅದನ್ನು ನಕಲು ಮಾಡಲು ಹೋಗಬೇಡಿ. ಆ ವಾದಕರಿಗೆ ಆ ಸಂಗೀತ ಗೊತ್ತಿತ್ತು, ಆ ಮುಖವೂ ಗೊತ್ತಿತ್ತು.

ವೀಡಿಯೊ ಸಾಲದೇ ಅಂತ ಕೇಳಬಹುದು. ಮುಖ ಹತ್ತಿರದಿಂದ ಕಾಣುತ್ತದೆ ನಿಜ. ಬರ್ಲಿನ್ನಿನವರು 2008ರಲ್ಲೇ ತಮ್ಮ ಕಾನ್ಸರ್ಟುಗಳನ್ನು ಅಂತರ್ಜಾಲದಲ್ಲಿ ತೋರಿಸಲು ಶುರು ಮಾಡಿದರು. ಆದರೆ ಏನು ನೋಡಬೇಕು ಅನ್ನುವುದನ್ನು ಅಲ್ಲಿ ಕ್ಯಾಮೆರಾ ತೀರ್ಮಾನಿಸುತ್ತದೆ. ಕೊಳಲು ನುಡಿದಾಗ ಕೊಳಲಿನವರ ಬೆರಳು ತೋರಿಸುತ್ತದೆ. ಅವರಿಗೆ ಎರಡು ಸೆಕೆಂಡ್ ಮುಂಚೆ ಕಂಡಕ್ಟರ್ ಕೊಟ್ಟ ನೋಟ ತಪ್ಪಿಹೋಗುತ್ತದೆ. ನಮಗೆ ಬೇಕಾದದ್ದು ಆ ಎರಡು ಸೆಕೆಂಡೇ.

ನಮ್ಮ ಕಡೆಯಿಂದ ಹೊರಡುವವರಿಗೆ ಹತ್ತಿರದ್ದು ಮುಂಬೈ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ ಅನ್ನುವ ಕಲಾಕೇಂದ್ರದಲ್ಲಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಿಎಸ್‌ಎಂಟಿಗೆ ಬಿಡುತ್ತದೆ, ಅಲ್ಲಿಂದ ಟ್ಯಾಕ್ಸಿ. ಕೊನೆಗೆ ಒಂದು ಕಿವಿಮಾತು. ರಾಮನವಮಿ ಕಛೇರಿಯಲ್ಲಿ ಕೂತು ತೊಡೆ ತಟ್ಟಿ ಅಭ್ಯಾಸ ಇರುವ ಕೈಗಳನ್ನು ಅಲ್ಲಿ ಮಡಚಿ ಇಟ್ಟುಕೊಳ್ಳಿ. ಕೈ ಆಡಿಸಿದರೆ ಪಕ್ಕದವರಿಗೆ ಕಿರಿಕಿರಿ ಅನ್ನುವುದು ಒಂದು. ಇನ್ನೊಂದು, ಕೇಳಿದ ಸಂಗೀತಕ್ಕೆ ಕೈ ಆಡಿಸುತ್ತಾ ಹೋದರೆ ಕೈ ಹಿಂಬಾಲಿಸುವುದನ್ನೇ ಕಲಿಯುತ್ತದೆ. ಧ್ವನಿಮುದ್ರಿಕೆ ಹಾಕಿಕೊಂಡು ಕನ್ನಡಿ ಮುಂದೆ ಕೋಲು ಬೀಸುವುದರ ತೊಂದರೆಯೂ ಇದೇ.

ಧ್ವನಿಮುದ್ರಿಕೆ ಅಂದಾಗ ಮೈಸೂರು ನೆನಪಾಗುತ್ತದೆ. ಜಯಚಾಮರಾಜೇಂದ್ರ ಒಡೆಯರ್ ಪಶ್ಚಿಮದ ಸಂಗೀತವನ್ನು ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ "ನಾಲ್ಕು ಕೊನೆಯ ಹಾಡುಗಳು" ಮೊದಲ ಬಾರಿ ಕೇಳಿದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕಾನ್ಸರ್ಟಿನ ಖರ್ಚಿಗೆ ಖಾತರಿ ನಿಂತವರು ನಮ್ಮ ಮಹಾರಾಜರು. ಆದರೆ ಅವರಿಗೆ ಲಂಡನ್ನಿಗೆ ಹೋಗಲು ಆಗಲಿಲ್ಲ. ಅಂದಿನ ಹಾಡನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳಿಸಿದರು.

ಫುರ್ಟ್‌ವೆಂಗ್ಲರ್ ಕೋಲು ನಡುಗುತ್ತಾ ಕೆಳಗಿಳಿಯುತ್ತಿತ್ತು. ಪೆಟ್ಟು ಎಲ್ಲಿ ಬಿತ್ತು ಅಂತ ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ವಾದಕರು ಮಾತ್ರ ಹೇಗೋ ಒಟ್ಟಿಗೆ ಏಳುತ್ತಿದ್ದರು. ಆ ಸಂಜೆಯ ಮುದ್ರಿಕೆ ಈಗಲೂ ಕೇಳಲು ಸಿಗುತ್ತದೆ. ಗರಗರ ಸದ್ದಿನ ನಡುವೆ ಫ್ಲಾಗ್‌ಸ್ಟಾಡ್ ದನಿ ಏಳುತ್ತದೆ, ಹಾರ್ನ್ ಬರುತ್ತದೆ. ಆ ನಡುಗುವ ಕೈ ಅವರನ್ನು ಹೇಗೆ ಎಬ್ಬಿಸಿತು ಅನ್ನುವುದು ಮಾತ್ರ ಮೈಸೂರಿಗೆ ಬಂದ ತಟ್ಟೆಗಳಲ್ಲಿ ಇರಲಿಲ್ಲ.